ನ್ಯಾಯಾಲಯ ಗ್ರಂಥಾಲಯ

ನ್ಯಾಯಾಲಯ ಗ್ರಂಥಾಲಯ ಎಂದರೆ ನ್ಯಾಯಾಧೀಶರ ಉಪಯೋಗಕ್ಕಾಗಿ ನ್ಯಾಯಾಲಯದ ಆವರಣದಲ್ಲಿಯೇ ನಡೆಸಲಾಗುವ ಕಾನೂನು ಗ್ರಂಥಾಲಯ. ಕಾಯಿದೆಗಳು, ನಿಯಮಗಳು, ರಾಜ್ಯಪತ್ರಗಳು, ತೀರ್ಪುಗಳ ವರದಿ ಸಂಪುಟಗಳು ಮತ್ತು ವ್ಯಾಖ್ಯಾನ ಗ್ರಂಥಗಳು ಇದರ ಮುಖ್ಯ ಸಂಗ್ರಹ. ಕರ್ನಾಟಕದಲ್ಲಿ ಬೆಂಗಳೂರಿನ ಉಚ್ಚ ನ್ಯಾಯಾಲಯದ ಗ್ರಂಥಾಲಯವು ಇಂಥವುಗಳಲ್ಲಿ ಹಿರಿಯದು. ಧಾರವಾಡ ಮತ್ತು ಕಲಬುರಗಿ ಪೀಠಗಳು, ಜಿಲ್ಲಾ ನ್ಯಾಯಾಲಯಗಳು ಹಾಗೂ ತಾಲ್ಲೂಕು ನ್ಯಾಯಾಲಯಗಳು ನಂತರದ ಹಂತದಲ್ಲಿ ಬರುತ್ತವೆ. ವಕೀಲರ ಸಂಘಗಳು ತಮ್ಮ ಸದಸ್ಯರಿಗಾಗಿ ನಡೆಸುವ ಗ್ರಂಥಾಲಯಗಳು ಇವುಗಳಿಂದ ಬೇರೆಯಾದವು. ಎರಡೂ ಒಂದೇ ಆವರಣದಲ್ಲಿರುವುದರಿಂದ ಜನರು ಅವನ್ನು ಒಂದೇ ಎಂದು ಭಾವಿಸುವುದುಂಟು.

ಇತ್ತೀಚಿನ ದಶಕಗಳಲ್ಲಿ ಈ ಗ್ರಂಥಾಲಯಗಳ ಆಧುನೀಕರಣವೆಂದರೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವುದು ಎಂಬ ತಿಳಿವಳಿಕೆ ಬೆಳೆದಿದೆ. ಅದು ಕೆಲಸದ ಒಂದು ಭಾಗ ಮಾತ್ರ. ಒಂದು ನಿರ್ದಿಷ್ಟ ದಿನಾಂಕದಂದು ಒಂದು ನಿರ್ದಿಷ್ಟ ಸ್ಥಳದಲ್ಲಿ ಜಾರಿಯಲ್ಲಿದ್ದ ಕಾನೂನು ಯಾವುದು ಎಂಬುದನ್ನು ತಪ್ಪಿಲ್ಲದೆ ತೋರಿಸಿಕೊಡುವುದು ನ್ಯಾಯಾಲಯ ಗ್ರಂಥಾಲಯದ ಮುಖ್ಯ ಹೊಣೆ.

ಹಿನ್ನೆಲೆ

ಮೈಸೂರು ಸಂಸ್ಥಾನದಲ್ಲಿ 1856ರಿಂದ ಜುಡಿಷಿಯಲ್ ಕಮಿಷನರರ ನ್ಯಾಯಾಲಯವಿತ್ತು. 1884ರಲ್ಲಿ ಅದರ ಸ್ಥಾನದಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟ್ ಸ್ಥಾಪನೆಯಾಯಿತು. 1930ರಲ್ಲಿ ಅದಕ್ಕೆ ಹೈಕೋರ್ಟ್ ಎಂಬ ಹೆಸರು ಬಂದಿತು. 1860ರ ದಶಕದಲ್ಲಿ ನಿರ್ಮಾಣವಾದ ಬೆಂಗಳೂರಿನ ಅಠಾರಾ ಕಚೇರಿ ಇಂದಿಗೂ ಉಚ್ಚ ನ್ಯಾಯಾಲಯದ ನೆಲೆ. ಚೀಫ್ ಕೋರ್ಟಿನ ತೀರ್ಪುಗಳ ವರದಿಗಳು ಆ ಕಾಲದಲ್ಲಿಯೇ ಸಂಪುಟಗಳಾಗಿ ಪ್ರಕಟವಾದವು.

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆ ಗ್ರಂಥಾಲಯದ ದೃಷ್ಟಿಯಿಂದ ಒಂದು ದೊಡ್ಡ ತಿರುವು. ಮುಂಬಯಿ, ಹೈದರಾಬಾದ್ ಮತ್ತು ಮದ್ರಾಸ್ ಪ್ರಾಂತಗಳ ಕನ್ನಡ ಜಿಲ್ಲೆಗಳು ಹಾಗೂ ಕೊಡಗು ಹಳೆಯ ಮೈಸೂರಿನೊಡನೆ ಕೂಡಿದಾಗ, ಆಯಾ ಪ್ರದೇಶದಲ್ಲಿದ್ದ ಕಾನೂನುಗಳು ಬದಲಾಗುವವರೆಗೆ ಅಲ್ಲಿ ಹಾಗೆಯೇ ಮುಂದುವರಿಯಬೇಕೆಂದು ರಾಜ್ಯ ಪುನರ್ವಿಂಗಡಣಾ ಕಾಯಿದೆಯ 119ನೆಯ ಪ್ರಕರಣ ವಿಧಿಸಿತು. ಹೀಗಾಗಿ ಒಂದೇ ಉಚ್ಚ ನ್ಯಾಯಾಲಯವು ಐದು ಕಡೆಯ ಕಾಯಿದೆಗಳನ್ನು ಕೈಗೆಟುಕುವಂತೆ ಇಟ್ಟುಕೊಳ್ಳಬೇಕಾಯಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾದಾಗ ಕಾಯಿದೆಗಳ ಹೆಸರುಗಳಲ್ಲಿದ್ದ ‘ಮೈಸೂರು’ ಎಂಬುದೂ ‘ಕರ್ನಾಟಕ’ವಾಯಿತು. 1964ರ ಮೈಸೂರು ಭೂಕಂದಾಯ ಕಾಯಿದೆ ಮತ್ತು 1964ರ ಕರ್ನಾಟಕ ಭೂಕಂದಾಯ ಕಾಯಿದೆ ಎರಡಲ್ಲ, ಒಂದೇ. ಗ್ರಂಥಸೂಚಿಯಲ್ಲಿ ಎರಡು ಹೆಸರುಗಳನ್ನೂ ಪರಸ್ಪರ ಜೋಡಿಸದಿದ್ದರೆ ಹಳೆಯ ತೀರ್ಪಿನಲ್ಲಿ ಹೆಸರಿಸಿದ ಕಾಯಿದೆಯನ್ನು ಹುಡುಕುವವರಿಗೆ ಅದು ದೊರೆಯುವುದಿಲ್ಲ.

ಒಂದು ಪಾಲಿನ ದಾವೆ

ಗ್ರಂಥಾಲಯದ ಮಹತ್ವ ಸಾಮಾನ್ಯ ಮೊಕದ್ದಮೆಯೊಂದರಿಂದ ಚೆನ್ನಾಗಿ ತಿಳಿಯುತ್ತದೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯು ಹಿಂದೆ ಪಾಳೆಯಗಾರ ನಾಯಕರ ಆಳ್ವಿಕೆಯ ಕೇಂದ್ರವಾಗಿದ್ದ ಊರು. ಈಗ ಹೋಬಳಿ ಕೇಂದ್ರ. ಅಲ್ಲಿನ ಒಕ್ಕಲು ಕುಟುಂಬವೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅಜ್ಜ 1948ರಲ್ಲಿ ತೀರಿಕೊಂಡರು. ಅವರ ಒಬ್ಬನೇ ಮಗ, ಹೆಂಡತಿಯನ್ನು ಮೊದಲೇ ಕಳೆದುಕೊಂಡು, ಉಯಿಲು ಬರೆಯದೆ 1998ರಲ್ಲಿ ತೀರಿಕೊಂಡರು. ಅವರಿಗೆ ಒಬ್ಬ ಮಗ, ಒಬ್ಬ ಮಗಳು. ಮಗಳ ಮದುವೆ 1990ರಲ್ಲಿ ಆಗಿದೆ. ತೋಟ ಪಾಲಾಗಿಲ್ಲ. ಮಗಳು ಈಗ ಪಾಲು ಕೇಳುತ್ತಾಳೆ.

ಮೊದಲನೆಯ ಪ್ರಶ್ನೆ 1948ರದು: ಅಜ್ಜಿಗೆ ಆಸ್ತಿಯಲ್ಲಿ ಹಕ್ಕಿತ್ತೇ? ಮುಂಬಯಿ ಪ್ರಾಂತದ ಬೆಳಗಾವಿಯಲ್ಲಾಗಿದ್ದರೆ 1937ರ ಹಿಂದೂ ಸ್ತ್ರೀಯರ ಆಸ್ತಿ ಹಕ್ಕುಗಳ ಕಾಯಿದೆಯನ್ನು ನೋಡಬೇಕು. ಹಾಗಲವಾಡಿ ಮೈಸೂರು ಸಂಸ್ಥಾನಕ್ಕೆ ಸೇರಿದ್ದರಿಂದ ಇಲ್ಲಿ ನೋಡಬೇಕಾದದ್ದು 1933ರ ಮೈಸೂರು ಕಾಯಿದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಂಗಸರಿಗೂ ಪಾಲು ನೀಡಿದ ಈ ಕಾಯಿದೆ ಅಂದಿನ ಕಾಲಕ್ಕೆ ಮುಂದುವರಿದದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಅದನ್ನು ಸಾಮಾನ್ಯ ಪುಸ್ತಕದಂಗಡಿಗಳಲ್ಲಿ ಹುಡುಕುವುದು ವ್ಯರ್ಥ. ಆದರೆ 1948ರ ಹಕ್ಕನ್ನು ಅದರಿಂದಲೇ ಅಳೆಯಬೇಕು. ‘ಹಳತಾಗಿದೆ’ ಎಂದು ಅದನ್ನು ಕಪಾಟಿನಿಂದ ತೆಗೆದುಹಾಕಿದ ಗ್ರಂಥಾಲಯವು ಈ ದಾವೆಗೆ ಉಪಯೋಗಕ್ಕೆ ಬಾರದು.

ಅಜ್ಜಿಯ ಹಕ್ಕಿನ ವಿಷಯ ತೀರ್ಮಾನವಾಗಿ, ತಂದೆಯ ಕೈಯಲ್ಲಿ ನಾಲ್ಕು ಎಕರೆ ಪಿತ್ರಾರ್ಜಿತ ತೆಂಗಿನ ತೋಟ ಉಳಿಯಿತೆಂದು ಭಾವಿಸೋಣ. 1994ರ ಜುಲೈ 30ರಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಕರ್ನಾಟಕದಿಂದಲೇ ಹೋದ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರ ಅಕ್ಟೋಬರಿನಲ್ಲಿ, ಆ ದಿನಾಂಕದಂದು ತಂದೆಯೂ ಮಗಳೂ ಜೀವಂತವಾಗಿದ್ದರೆ ಮಾತ್ರ ಹೊಸ ಹಕ್ಕು ಸಲ್ಲುತ್ತದೆ ಎಂದು ಹೇಳಿತು. ಅದರಂತೆ, ತಂದೆ 1998ರಲ್ಲಿಯೇ ತೀರಿಕೊಂಡ ಈ ಮಗಳಿಗೆ ಸಿಗುವುದು ತಂದೆಯ ಪಾಲಾದ ಎರಡು ಎಕರೆಯಲ್ಲಿ ಅರ್ಧ, ಅಂದರೆ ಒಂದು ಎಕರೆ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಫೂಲವತಿ ತೀರ್ಪನ್ನು ತಳ್ಳಿಹಾಕಿ, ತಂದೆ ಜೀವಂತವಾಗಿರಬೇಕೆಂಬ ಷರತ್ತು ಇಲ್ಲವೆಂದಿತು. ಅದರಂತೆ ಆಕೆಗೆ ಎರಡು ಎಕರೆ.

ಫೂಲವತಿ ತೀರ್ಪಿರುವ ಸಂಪುಟ 2020ರ ನಂತರವೂ ಅದೇ ಕಪಾಟಿನಲ್ಲಿ ಅದೇ ಬಟ್ಟೆಯ ರಟ್ಟಿನೊಳಗೆ ಇರುತ್ತದೆ. ಅದರ ಪುಟದಲ್ಲಿ ಯಾವ ಬದಲಾವಣೆಯೂ ಕಾಣದು. ಆ ಪುಟವನ್ನು ತೆರೆದವರಿಗೆ ಇದು ಈಗ ನಡೆಯುವುದಿಲ್ಲ ಎಂದು ಹೇಳುವ ವ್ಯವಸ್ಥೆ ಇದೆಯೇ ಇಲ್ಲವೇ ಎಂಬುದರ ಮೇಲೆ ಒಂದು ಎಕರೆ ತೆಂಗಿನ ತೋಟ ನಿಂತಿರುತ್ತದೆ.

ಗ್ರಂಥಪಾಲರ ಕೆಲಸ

ಈ ವ್ಯವಸ್ಥೆ ಕಂಪ್ಯೂಟರಿಗಿಂತ ಬಹಳ ಹಳೆಯದು. 1873ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಫ್ರಾಂಕ್ ಶೆಪರ್ಡ್ ಎಂಬವರು ಅಂಟು ಚೀಟಿಗಳನ್ನು ಅಚ್ಚು ಹಾಕಿಸಿ ಮಾರತೊಡಗಿದರು. ಹಳೆಯ ತೀರ್ಪಿನ ಪಕ್ಕದ ಅಂಚಿನಲ್ಲಿ ಅವನ್ನು ಅಂಟಿಸಿದರೆ, ಮುಂದೆ ಯಾವ ತೀರ್ಪು ಅದನ್ನು ಉಲ್ಲೇಖಿಸಿದೆ, ಒಪ್ಪಿದೆ ಅಥವಾ ತಳ್ಳಿದೆ ಎಂಬುದು ತಿಳಿಯುತ್ತಿತ್ತು. ಭಾರತದ ನ್ಯಾಯಾಲಯಗಳಲ್ಲಿಯೂ ತಿದ್ದುಪಡಿ ಚೀಟಿಗಳನ್ನು ಕಾಯಿದೆ ಪುಸ್ತಕಗಳಲ್ಲಿ ಆಯಾ ಪ್ರಕರಣದ ಬಳಿ ಅಂಟಿಸುವುದು ಗ್ರಂಥಾಲಯ ಸಿಬ್ಬಂದಿಯ ನಿತ್ಯದ ಕೆಲಸವಾಗಿತ್ತು. ಬೇಸರದ ಕೆಲಸವೇ ಸರಿ. ಆದರೆ ಗೋಂದಿನ ಡಬ್ಬಿಯೊಡನೆ ಕುಳಿತ ಸಹಾಯಕನ ಶ್ರದ್ಧೆಯನ್ನು ನಂಬಿಯೇ ನ್ಯಾಯಾಧೀಶರು ಪುಸ್ತಕ ತೆರೆಯುತ್ತಿದ್ದರು.

ಇದಲ್ಲದೆ, ವಿಚಾರಣೆಯ ಪಟ್ಟಿಯನ್ನು ನೋಡಿ ಬೇಕಾಗುವ ಸಂಪುಟಗಳನ್ನು ಮುಂಚಿತವಾಗಿ ತೆಗೆದಿರಿಸುವುದು, ಹೊಸ ತೀರ್ಪುಗಳ ಸಾರವನ್ನು ನ್ಯಾಯಾಧೀಶರಿಗೆ ಕಳುಹಿಸುವುದು, ರಾಜ್ಯಪತ್ರಗಳನ್ನು ದಿನಾಂಕವಾರು ಕಟ್ಟಿಸುವುದು ಇವೂ ಗ್ರಂಥಪಾಲರಿಗೆ ಸೇರಿವೆ. ಓದುಗನ ಸಮಯದ ಉಳಿತಾಯವನ್ನು ಗ್ರಂಥಾಲಯದ ಐದು ಸೂತ್ರಗಳಲ್ಲಿ ಒಂದಾಗಿಸಿದ ಎಸ್. ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ಅವರ ಕೋಲನ್ ವರ್ಗೀಕರಣದಲ್ಲಿಯೂ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿಯೂ (ಇದರಲ್ಲಿ 340) ಕಾನೂನಿಗೆ ಪ್ರತ್ಯೇಕ ಸ್ಥಾನವಿದೆ. ಆದರೂ ತೀರ್ಪುಗಳ ಸಂಪುಟಗಳನ್ನು ವಿಷಯವಾರು ಹಂಚದೆ ಸರಣಿ ಮತ್ತು ವರ್ಷದ ಕ್ರಮದಲ್ಲಿ ಇಡುವುದೇ ವಾಡಿಕೆ. ಉಲ್ಲೇಖವೇ ಅವುಗಳ ವಿಳಾಸ.

ಗ್ರಂಥಾಲಯವನ್ನು ಮುನ್ನಡೆಸುವವರು ನ್ಯಾಯಮೂರ್ತಿಗಳ ಗ್ರಂಥಾಲಯ ಸಮಿತಿ, ರಿಜಿಸ್ಟ್ರಿ, ಕಂಪ್ಯೂಟರ್ ವಿಭಾಗ ಮತ್ತು ಪ್ರಕಾಶಕರು ಈ ನಾಲ್ವರ ನಡುವೆ ನಿಂತಿರುತ್ತಾರೆ. ಯಾವ ಸರಣಿಯನ್ನು ಮುದ್ರಣದಲ್ಲಿ ತರಿಸಬೇಕು, ಯಾವುದನ್ನು ಚಂದಾ ದತ್ತಾಂಶದಲ್ಲಿ ಮಾತ್ರ ಪಡೆಯಬೇಕು ಎಂಬುದು ಅವರ ಮುಂದಿನ ಕಠಿಣ ನಿರ್ಧಾರ. ಚಂದಾ ನಿಂತ ದಿನ ದತ್ತಾಂಶ ಮುಚ್ಚಿಕೊಳ್ಳುತ್ತದೆ; ಕೊಂಡ ಸಂಪುಟ ಉಳಿಯುತ್ತದೆ. ಆದುದರಿಂದ ಅಧಿಕೃತ ಸರಣಿಯೊಂದನ್ನಾದರೂ ಕಾಗದದಲ್ಲಿ ಬಿಡದೆ ಮುಂದುವರಿಸುವುದು ವಿವೇಕದ ಕ್ರಮ.

ಆಧುನೀಕರಣ

ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರ ಗ್ರಂಥಾಲಯವು 1937ರ ಫೆಡರಲ್ ಕೋರ್ಟಿನ ಕಾಲದಿಂದ ಬೆಳೆದು ಬಂದದ್ದು. ತೀರ್ಪುಗಳ ಸೂಚಿಗಾಗಿ ಅದು ‘ಸುಪ್ಲಿಸ್’ ಎಂಬ ದತ್ತಾಂಶವನ್ನು ರೂಪಿಸಿಕೊಂಡಿತು. 2007ರಲ್ಲಿ ಆರಂಭವಾದ ಇ-ನ್ಯಾಯಾಲಯ ಯೋಜನೆ ಜಿಲ್ಲೆ ಮತ್ತು ತಾಲ್ಲೂಕುಗಳಿಗೆ ಕಂಪ್ಯೂಟರುಗಳನ್ನು ತಂದಿತು. 2023ರ ಜನವರಿಯಲ್ಲಿ ‘ಇ-ಎಸ್‌ಸಿಆರ್’ ಮೂಲಕ ಸರ್ವೋಚ್ಚ ನ್ಯಾಯಾಲಯದ ಅಧಿಕೃತ ವರದಿಗಳು ಎಲ್ಲರಿಗೂ ಉಚಿತವಾಗಿ ದೊರೆಯತೊಡಗಿದವು. ಅದೇ ವರ್ಷ ಬಂದ ತಟಸ್ಥ ಉಲ್ಲೇಖ ಪದ್ಧತಿಯಲ್ಲಿ ನ್ಯಾಯಾಲಯವೇ ಪ್ರತಿ ತೀರ್ಪಿಗೆ ಒಂದು ಸಂಖ್ಯೆ ನೀಡುತ್ತದೆ. ಸರ್ವೋಚ್ಚ ನ್ಯಾಯಾಲಯದ್ದು ‘ಐಎನ್‌ಎಸ್‌ಸಿ’ ಎಂದೂ ಕರ್ನಾಟಕದ್ದು ‘ಕೆಎಚ್‌ಸಿ’ ಎಂದೂ ಬರುತ್ತದೆ. ಒಂದೇ ತೀರ್ಪಿಗೆ ಪ್ರಕಾಶಕರಿಗೊಂದರಂತೆ ನಾಲ್ಕಾರು ಉಲ್ಲೇಖಗಳಿದ್ದ ಗೊಂದಲಕ್ಕೆ ಇದು ತಡವಾಗಿ ಬಂದ ಪರಿಹಾರ.

ಹಳೆಯ ಸಂಪುಟಗಳನ್ನು ಸ್ಕ್ಯಾನ್ ಮಾಡುವಾಗ ಕೃತಿಸ್ವಾಮ್ಯದ ಗಡಿಯನ್ನು ಗಮನಿಸಬೇಕು. ತೀರ್ಪಿನ ಮೂಲ ಪಾಠ ಸಾರ್ವಜನಿಕರದ್ದು. ಆದರೆ ಪ್ರಕಾಶಕರು ಕೌಶಲದಿಂದ ಸೇರಿಸಿದ ಹೆಡ್‌ನೋಟ್ ಮೊದಲಾದವುಗಳಿಗೆ ರಕ್ಷಣೆ ಉಂಟೆಂದು 2007ರ ಡಿಸೆಂಬರಿನಲ್ಲಿ ಈಸ್ಟರ್ನ್ ಬುಕ್ ಕಂಪನಿ ವಿರುದ್ಧ ಮೋಡಕ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದೆ. ಸ್ಕ್ಯಾನ್ ಮಾಡಬೇಕಾದ ಕ್ರಮದಲ್ಲಿಯೂ ವಿವೇಚನೆ ಬೇಕು. ಸರ್ವೋಚ್ಚ ನ್ಯಾಯಾಲಯದ ವರದಿಗಳು ನೂರು ಕಡೆ ಸಿಗುತ್ತವೆ. ಮೈಸೂರು ಸಂಸ್ಥಾನದ ರಾಜ್ಯಪತ್ರಗಳು, ಭೂ ಮಂಜೂರಾತಿ ನಿಯಮಗಳು, ಇನಾಂ ರದ್ದತಿ ಅಧಿಸೂಚನೆಗಳು ಹಾಗಲ್ಲ. ಅವು ಪುಡಿಯಾಗುತ್ತಿರುವ ಕಾಗದದಲ್ಲಿವೆ, ಮೊದಲು ಕೈಹಚ್ಚಬೇಕಾದದ್ದು ಅವಕ್ಕೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ನಿಷೇಧಿಸುವ 1978ರ ಕಾಯಿದೆಯ ಪ್ರಕರಣಗಳಲ್ಲಿ, ಮಂಜೂರಾತಿಯ ದಿನ ಇದ್ದ ನಿಯಮ ಎಷ್ಟು ವರ್ಷ ಪರಭಾರೆ ಮಾಡಕೂಡದೆಂದು ಹೇಳಿತ್ತು ಎಂಬುದೇ ಅನೇಕ ವೇಳೆ ನಿರ್ಣಾಯಕವಾಗುತ್ತದೆ. ಆ ನಿಯಮದ ಪ್ರತಿ ಸಿಗದಿದ್ದರೆ ವಾದಕ್ಕೆ ಆಧಾರವೇ ಇಲ್ಲ.

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದಕ್ಕೂ ಮೊದಲು ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯವಾಗುವುದರಿಂದ, ಗ್ರಂಥಾಲಯಗಳು ಎರಡನ್ನೂ ಅಕ್ಕಪಕ್ಕದಲ್ಲಿ ಬಹುಕಾಲ ಇಟ್ಟುಕೊಳ್ಳಬೇಕಾಗಿದೆ.

ಇಲ್ಲದ ತೀರ್ಪುಗಳು

ಹುಡುಕಾಟ ಸುಲಭವಾದಂತೆ ಹೊಸ ಅಪಾಯವೊಂದು ತಲೆದೋರಿದೆ. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಒಕ್ಕೂಟ ನ್ಯಾಯಾಲಯವೊಂದು, ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಹೆಣೆದುಕೊಟ್ಟ ಸುಳ್ಳು ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕಾಗಿ ವಕೀಲರಿಗೆ 5,000 ಡಾಲರ್ ದಂಡ ವಿಧಿಸಿತು. ಕರ್ನಾಟಕದಲ್ಲಿ 2025ರ ಮಾರ್ಚ್‌ನಲ್ಲಿ, ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಅಸ್ತಿತ್ವದಲ್ಲಿಯೇ ಇಲ್ಲದ ತೀರ್ಪುಗಳನ್ನು ಆಧಾರವಾಗಿ ಕೊಟ್ಟಿರುವುದನ್ನು ಉಚ್ಚ ನ್ಯಾಯಾಲಯ ಗುರುತಿಸಿ, ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಲು ಸೂಚಿಸಿತು. ಕಪಾಟಿನ ಕಾಲದಲ್ಲಿ ಇಂಥದು ಸುಲಭವಾಗಿರಲಿಲ್ಲ: ಇಲ್ಲದ ಸಂಪುಟವನ್ನು ತೆಗೆದುಕೊಡು ಎಂದರೆ ಗ್ರಂಥಾಲಯ ಸಹಾಯಕ ಬರಿಗೈಯಲ್ಲಿ ಹಿಂದಿರುಗುತ್ತಿದ್ದ. ಆ ತಪಾಸಣೆಯನ್ನು ಪರದೆಯ ಮೇಲಿನ ಕೆಲಸಕ್ಕೂ ಅಳವಡಿಸುವುದು, ಅಂದರೆ ಉಲ್ಲೇಖಿತ ಪ್ರತಿ ತೀರ್ಪನ್ನೂ ಅಧಿಕೃತ ಮೂಲದಲ್ಲಿ ತೆರೆದು ನೋಡದೆ ಆದೇಶದಲ್ಲಿ ಸೇರಿಸದಿರುವುದು, ಈಗ ಗ್ರಂಥಾಲಯದ ಸೇವೆಗಳಲ್ಲಿ ಒಂದಾಗಬೇಕಾಗಿದೆ.

ತಾಲ್ಲೂಕು ಮಟ್ಟದಲ್ಲಿ

ಹಾಗಲವಾಡಿಯ ದಾವೆ ಮೊದಲು ಬರುವುದು ಅಠಾರಾ ಕಚೇರಿಗಲ್ಲ, ಗುಬ್ಬಿಯ ನ್ಯಾಯಾಲಯಕ್ಕೆ. ಸಾಕ್ಷ್ಯ ದಾಖಲಾಗುವುದೂ ಮೊದಲ ತೀರ್ಪು ಬರುವುದೂ ಅಲ್ಲಿಯೇ; ತುಮಕೂರಿಗೋ ಬೆಂಗಳೂರಿಗೋ ಮೇಲ್ಮನವಿ ಹೋಗುವಷ್ಟರಲ್ಲಿ ಕಕ್ಷಿದಾರರ ವರ್ಷಗಳೂ ಹಣವೂ ಕಳೆದಿರುತ್ತವೆ. ಆದ್ದರಿಂದ ಕೇಂದ್ರ ಗ್ರಂಥಾಲಯದಲ್ಲಿರುವ ಹಳೆಯ ಕಾಯಿದೆಯ ಸ್ಕ್ಯಾನ್ ಪ್ರತಿ ಮತ್ತು ತಳ್ಳಿಹಾಕಲಾದ ತೀರ್ಪುಗಳ ಪಟ್ಟಿ ತಾಲ್ಲೂಕಿನ ನ್ಯಾಯಾಧೀಶರ ಮೇಜಿಗೆ ಅದೇ ದಿನ ತಲುಪುವಂತಿರಬೇಕು.

ಭಾಷೆಯ ಪ್ರಶ್ನೆಯೂ ಇಲ್ಲಿದೆ. ಸಂವಿಧಾನದ 348ನೆಯ ಅನುಚ್ಛೇದದಂತೆ ಮೇಲಿನ ನ್ಯಾಯಾಲಯಗಳ ತೀರ್ಪುಗಳು ಇಂಗ್ಲಿಷಿನಲ್ಲಿರುತ್ತವೆ. ಅಧೀನ ನ್ಯಾಯಾಲಯಗಳಲ್ಲಿ ಕನ್ನಡದ ಬಳಕೆ ಇದೆ. ಸರ್ವೋಚ್ಚ ನ್ಯಾಯಾಲಯವು 2019ರಿಂದ ‘ಸುವಾಸ್’ ತಂತ್ರಾಂಶದ ನೆರವಿನಿಂದ ತೀರ್ಪುಗಳನ್ನು ಭಾರತೀಯ ಭಾಷೆಗಳಿಗೆ ಅನುವಾದಿಸುತ್ತಿದ್ದು, ಕನ್ನಡವೂ ಅವುಗಳಲ್ಲಿ ಸೇರಿದೆ. ಅನುವಾದ ಓದುಗರ ತಿಳಿವಳಿಕೆಗೆ ಮಾತ್ರ. ಅಧಿಕೃತ ಪಾಠ ಇಂಗ್ಲಿಷಿನದೇ. ನ್ಯಾಯಾಲಯ ಗ್ರಂಥಾಲಯಗಳು ಮೂಲತಃ ನ್ಯಾಯಾಧೀಶರಿಗಾಗಿ ಇರುವುದರಿಂದ, ಕಕ್ಷಿದಾರರು ತಮ್ಮ ಪ್ರಕರಣಕ್ಕೆ ಸಂಬಂಧಿಸಿದ ತೀರ್ಪನ್ನು ಓದಬೇಕೆಂದರೆ ವಕೀಲರನ್ನೋ ಉಚಿತ ಜಾಲತಾಣಗಳನ್ನೋ ಅವಲಂಬಿಸಬೇಕಾಗುತ್ತದೆ.