ಹಿಂಬ್ರೇಕು ಹಿಡಿಯದಿದ್ದರೆ ನಟ್ಟು ತಿರುಗಿಸಬೇಡಿ

ನಮ್ಮ ಸದಸ್ಯ ಬಾಂಧವರ ಮನೆಯಂಗಳದಲ್ಲಿ ಜೀಪಿನ ಪಕ್ಕಕ್ಕೆ ಒಂದು ಮೋಟಾರ್ ಸೈಕಲ್ ನಿಂತಿರುವುದು ಈಗ ಸಾಮಾನ್ಯ. ಮಕ್ಕಳ ಒತ್ತಾಯಕ್ಕೆ ಕೊಂಡ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕುಗಳೂ ಹಲವು ಮನೆಗಳಲ್ಲಿ ಉಂಟು. ಅಂಥ ಬೈಕಿನ ಹಿಂಬ್ರೇಕಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿದವರು ಅದನ್ನು ಮಾಡದಿರಲಿ ಎಂಬುದೇ ಉದ್ದೇಶ.

ನಾನು ಯಜ್ದಿ ಓಡಿಸಿ ಬೆಳೆದವನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರವರೆಗೆ ತಯಾರಿಸಿದ ಆ ಗಾಡಿಗಳಲ್ಲಿ ಇದ್ದದ್ದು ಡ್ರಮ್ ಬ್ರೇಕು. ಹಿಂಬ್ರೇಕು ಸಡಿಲವಾಯಿತೆಂದರೆ ಚಕ್ರದ ಹತ್ತಿರದ ನಟ್ಟನ್ನು ಎರಡು ಸುತ್ತು ಬಿಗಿ ಮಾಡಿದರೆ ಕೆಲಸ ಮುಗಿಯಿತು. ಮಗ ಕೊಂಡ ಹಳೆಯ ಬೈಕಿನಲ್ಲಿ ಹಿಂದೆಯೂ ಡಿಸ್ಕ್ ಬ್ರೇಕು. ಪೆಡಲನ್ನು ಎಷ್ಟು ಒತ್ತಿದರೂ ಬೈಕು ನಿಲ್ಲಲು ಮನಸ್ಸು ಮಾಡುತ್ತಿರಲಿಲ್ಲ. "ಇಷ್ಟೇ ತಾನೆ" ಎಂದು ಪೆಡಲಿನ ಮೇಲ್ಗಡೆಯ ರಾಡಿನ ನಟ್ಟನ್ನು ತಿರುಗಿಸಿ, ಸಡಿಲವೇ ಇಲ್ಲದಂತೆ ಬಿಗಿ ಮಾಡಿದೆ. ಅಂಗಳದಲ್ಲಿ ಒತ್ತಿ ನೋಡಿದಾಗ ಪರವಾಗಿಲ್ಲ ಎನಿಸಿತು.

ಮರುದಿನ ಮಗ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದಾಗ ಸುಟ್ಟ ವಾಸನೆ ಬಂತಂತೆ. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಅದು ಪೂರ್ತಿ ಕೆಳಗೆ ಹೋಯಿತು, ಬ್ರೇಕೇ ಇಲ್ಲ. ಗೇರು ಇಳಿಸಿ, ಮುಂದಿನ ಬ್ರೇಕನ್ನು ಹದವಾಗಿ ಹಿಡಿದು, ಹೇಗೋ ಗೋಡೆಯ ಬದಿಗೆ ನಿಲ್ಲಿಸಿದ. ಎದುರಿಗೆ ಬಸ್ಸು ಬಂದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ನಡುಗುತ್ತದೆ.

ಬೈಕು ಬಿಚ್ಚಿದ ಮೆಕ್ಯಾನಿಕ್ ಹೇಳಿದ್ದು ಒಂದೇ ಮಾತು: "ಗೌಡ್ರೇ, ಇದು ಯಜ್ದಿ ಅಲ್ಲ. ಈ ನಟ್ಟು ಪೆಡಲಿನ ಎತ್ತರಕ್ಕೆ ಇರೋದು, ಬ್ರೇಕ್ ಬಿಗಿ ಮಾಡೋಕಲ್ಲ."

ಆದದ್ದು ಏನು?

ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ಸವೆದಷ್ಟೂ ಪಿಸ್ಟನ್ ತಾನಾಗಿ ಮುಂದೆ ಬರುತ್ತದೆ. ನಾವು ಬಿಗಿ ಮಾಡುವ ಅಗತ್ಯವಿಲ್ಲ. ಆದರೆ ಪೆಡಲಿಗೆ ಸ್ವಲ್ಪ ಸಡಿಲ ಇರಲೇಬೇಕು. ಆಗ ಮಾತ್ರ ಕಾಲು ತೆಗೆದ ಮೇಲೆ ಬ್ರೇಕ್ ಆಯಿಲ್ ಡಬ್ಬಿಗೆ ಮರಳುವ ಕಿಂಡಿ ತೆರೆದುಕೊಳ್ಳುತ್ತದೆ. ನಾನು ಬಿಗಿ ಮಾಡಿದ್ದರಿಂದ ಆ ಕಿಂಡಿ ಮುಚ್ಚಿಯೇ ಉಳಿಯಿತು. ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಇತ್ತು, ಆಯಿಲ್ ಕಾದು ಕುದಿಯಿತು. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಆದ್ದರಿಂದ ಪೆಡಲ್ ಕೆಳಗೆ ಹೋಯಿತು.

ಹಳೆಯ ಆಯಿಲಿನದೂ ಪಾಲುಂಟು. ಒಣಗಿಸಿದ ಪಾರ್ಚ್‌ಮೆಂಟ್ ಮಳೆಗಾಲದಲ್ಲಿ ತೇವ ಎಳೆಯುವಂತೆ ಬ್ರೇಕ್ ಆಯಿಲೂ ಗಾಳಿಯ ತೇವ ಎಳೆಯುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಆಯಿಲಿಗೆ ಆ ಮಿತಿ 155 ಡಿಗ್ರಿ ಮಾತ್ರ.

ಕಾಲಿನಿಂದಲೇ ಪರೀಕ್ಷೆ

ಬಿಚ್ಚುವ ಮೊದಲು ಪೆಡಲನ್ನು ಒತ್ತಿ ನೋಡತಕ್ಕದ್ದು.

1. ಪೆಡಲ್ ಮೆತ್ತಗಿದ್ದು, ನಾಲ್ಕಾರು ಸಲ ಒತ್ತಿದಾಗ ಗಟ್ಟಿಯಾದರೆ: ಒಳಗೆ ಗಾಳಿ ಸೇರಿದೆ. ಪಂಪ್‌ಸೆಟ್ಟಿನ ಪೈಪಿನಲ್ಲಿ ಗಾಳಿ ಹಿಡಿದಂತೆಯೇ ಇದು.

2. ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಕೆಳಗಿಳಿದರೆ: ಎಲ್ಲೋ ಸೋರಿಕೆ ಇದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೀಲು ಕೆಟ್ಟಿದೆ. ಗಾಡಿ ಓಡಿಸಬಾರದು.

3. ಪೆಡಲ್ ಗಟ್ಟಿಯಾಗಿದ್ದರೂ ಬೈಕು ನಿಲ್ಲದಿದ್ದರೆ: ದೋಷ ಚಕ್ರದ ಕಡೆ ಇದೆ. ಪ್ಯಾಡು, ಡಿಸ್ಕು, ಕ್ಯಾಲಿಪರ್ ನೋಡಬೇಕು.

ನಮ್ಮ ಬೈಕಿನದು ಮೊದಲಿನಿಂದಲೂ ಮೂರನೆಯ ಬಗೆ. ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ಪಿನ್ನುಗಳು ಕೆಸರು, ತುಕ್ಕು ಸೇರಿ ಹಿಡಿದುಕೊಂಡಿದ್ದವು. ಪಿಸ್ಟನ್ ಕಡೆಯ ಪ್ಯಾಡು ತಗಡಿನವರೆಗೆ ಸವೆದಿತ್ತು, ಆಚೆಯದು ಅರ್ಧವೂ ಸವೆದಿರಲಿಲ್ಲ. ಅದರ ಮೇಲೆ, ಚೈನಿಗೆ ಹೊಡೆದ ಎಣ್ಣೆ ಡಿಸ್ಕಿಗೂ ಹಾರಿ ಪ್ಯಾಡು ನುಣ್ಣಗಾಗಿ ಹೊಳೆಯುತ್ತಿತ್ತು.

ಮಾಡಿದ ರಿಪೇರಿ

ಪಿನ್ನುಗಳನ್ನು ಹೊರತೆಗೆದು ಉಜ್ಜಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಸವರಲಾಯಿತು. ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಳ್ಳುತ್ತದೆ. ಪಿಸ್ಟನ್ ಹೊರಗೆ ಕಾಣುವ ಭಾಗವನ್ನು ಒರೆಸಿ ಶುಚಿ ಮಾಡಿದ ನಂತರವೇ ಒಳಕ್ಕೆ ಒತ್ತಬೇಕು. ಹಾಗೆ ಒತ್ತುವಾಗ ಆಯಿಲ್ ಡಬ್ಬಿ ತುಂಬಿ ಚೆಲ್ಲಬಹುದು. ಈ ಆಯಿಲ್ ಬಣ್ಣವನ್ನು ಕಿತ್ತುಹಾಕುತ್ತದೆ, ಬಿದ್ದರೆ ಕೂಡಲೇ ನೀರಿನಲ್ಲಿ ತೊಳೆಯಿರಿ. ಎಣ್ಣೆ ಕುಡಿದ ಪ್ಯಾಡನ್ನು ಉಜ್ಜಿ ಮತ್ತೆ ಹಾಕುವುದು ಸುಳ್ಳು ಉಳಿತಾಯ, ಜೋಡಿಯನ್ನೇ ಬದಲಾಯಿಸಬೇಕು. ಡಿಸ್ಕಿನ ಕನಿಷ್ಠ ದಪ್ಪವನ್ನು ಅದರ ಮೇಲೆಯೇ ಕೆತ್ತಿರುತ್ತಾರೆ. ಅದಕ್ಕಿಂತ ತೆಳುವಾಗಿದ್ದರೆ ಡಿಸ್ಕೂ ಹೊಸದು ಬೇಕು.

ಹಳೆಯ ಆಯಿಲ್ ತೆಗೆಯುವುದಕ್ಕೆ ಇಬ್ಬರಿರಬೇಕು. ಕ್ಯಾಲಿಪರಿನ ನಿಪ್ಪಲಿಗೆ ಪಾರದರ್ಶಕ ನಳಿಗೆ ಹಾಕಿ ಅದರ ತುದಿಯನ್ನು ಬಾಟಲಿಗೆ ಬಿಡಿ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಆಯಿಲ್ ಬಂದೊಡನೆ ಬಿಗಿ ಮಾಡಲಿ, ಆಮೇಲೆ ಕಾಲು ಬಿಡಲಿ. ಗುಳ್ಳೆ ನಿಂತು ತಿಳಿಯಾದ ಹೊಸ ಆಯಿಲ್ ಬರುವವರೆಗೆ ಹೀಗೆ ಮಾಡಬೇಕು. ನಡುವೆ ಡಬ್ಬಿ ಬರಿದಾಗಬಾರದು. ಡಬ್ಬಿಯ ಮುಚ್ಚಳದಲ್ಲಿ ಬರೆದ ದರ್ಜೆಯ ಆಯಿಲನ್ನೇ ಹಾಕಿ, ಬಾಯಿ ತೆರೆದಿಟ್ಟ ಹಳೆಯ ಬಾಟಲಿಯದು ಬೇಡ. ಎಬಿಎಸ್ ಇರುವ ಬೈಕಾದರೆ ಈ ಕೆಲಸ ತಿಳಿದವರ ಕೈಯಲ್ಲೇ ಆಗಲಿ.

ಕೊನೆಗೆ, ಪೆಡಲಿನ ಸಡಿಲವನ್ನು ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟಕ್ಕೆ ತರಬೇಕು. ಹಿಂಚಕ್ರ ಎತ್ತಿ ಕೈಯಿಂದ ತಿರುಗಿಸಿದರೆ ಸರಾಗವಾಗಿ ಸುತ್ತಬೇಕು. ಹೊಸ ಪ್ಯಾಡು ಕೂರುವವರೆಗೆ ಘಾಟಿ ಇಳಿಯುವುದು ಬೇಡ.

ಇಷ್ಟಾದರೂ ಹಿಂಬ್ರೇಕು ಮುಂದಿನದರಷ್ಟು ಬಲವಾಗಿ ಹಿಡಿಯುವುದಿಲ್ಲ. ಬ್ರೇಕ್ ಹಾಕಿದಾಗ ಭಾರ ಮುಂದಿನ ಚಕ್ರಕ್ಕೆ ಬೀಳುವುದರಿಂದ ಅದು ಸಹಜ. ಆದರೆ ಒದ್ದೆ ತರಗೆಲೆ ಬಿದ್ದ ತೋಟದ ದಾರಿಯಲ್ಲಿ ಮುಂದಿನ ಬ್ರೇಕನ್ನೇ ನಂಬಿದರೆ ಜಾರಿ ಬೀಳುವುದು ಖಂಡಿತ. 125 ಸಿ.ಸಿ.ಗಿಂತ ಮೇಲಿನ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾದರೂ, ಅನೇಕ ಬೈಕುಗಳಲ್ಲಿ ಅದು ಮುಂಚಕ್ರಕ್ಕೆ ಮಾತ್ರ. ಹಳೆಯ ಬೈಕಿನಲ್ಲಿ ಅದೂ ಇಲ್ಲ.

ಕೊಳೆ ರೋಗ ಬಂದ ಮೇಲೆ ಬೋರ್ಡೋ ಹೊಡೆದು ಪ್ರಯೋಜನವಿಲ್ಲವೆಂದು ನಮಗೆಲ್ಲ ಗೊತ್ತು. ಮಳೆಗೆ ಮುಂಚೆ ಮೊದಲ ಔಷಧಿಗೆ ಅಣಿಯಾಗುವ ವಾರದಲ್ಲೇ ಮಕ್ಕಳ ಬೈಕಿನ ಪ್ಯಾಡು, ಪಿನ್ನು, ಆಯಿಲ್ ಮೂರನ್ನೂ ಒಮ್ಮೆ ನೋಡಿಸಿಬಿಡಿ. ಸ್ಪ್ಯಾನರ್ ನಿಮ್ಮ ಕೈಯಲ್ಲಿದ್ದರೂ ಆ ನಟ್ಟಿನ ತಂಟೆಗೆ ಮಾತ್ರ ಹೋಗಬೇಡಿ.