ಜಾಗತೀಕರಣ ಮತ್ತು ಜನಪದ ಆಹಾರ: ಜೋಳದ ರೊಟ್ಟಿಯ ಪಲ್ಲಟಗಳು

ಜನಪದ ಆಹಾರವನ್ನು ಕುರಿತ ಚರ್ಚೆಗಳಲ್ಲಿ ಜಾಗತೀಕರಣವನ್ನು ಹೊರಗಿನಿಂದ ಬಂದು ಸ್ಥಳೀಯವಾದುದೆಲ್ಲವನ್ನೂ ನುಂಗುವ ಶಕ್ತಿಯೆಂದು ಭಾವಿಸುವುದು ರೂಢಿಯಾಗಿದೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿ ಈ ತಿಳಿವಳಿಕೆಯನ್ನು ಮರುಪರಿಶೀಲನೆಗೆ ಒಡ್ಡುತ್ತದೆ.

ಜೋಳದ ಮೂಲನೆಲೆ ಆಫ್ರಿಕಾ. ಕ್ರಿಸ್ತಪೂರ್ವ ಕಾಲದಲ್ಲಿಯೇ ಅದು ಭಾರತವನ್ನು ತಲುಪಿತು. ಚಟ್ನಿಯ ಗುರೆಳ್ಳು ಇಥಿಯೋಪಿಯಾದ ಕಡೆಯದು. ಮೆಣಸಿನಕಾಯಿ ಮತ್ತು ಶೇಂಗಾ ಅಮೆರಿಕಾ ಖಂಡಗಳವು. ಪೋರ್ಚುಗೀಸರು 1498ರಲ್ಲಿ ಸಮುದ್ರಮಾರ್ಗವಾಗಿ ಭಾರತಕ್ಕೆ ಬಂದ ನಂತರವೇ ಅವು ನಮ್ಮ ನೆಲಕ್ಕೆ ಪರಿಚಯವಾದವು. ಹೊಲಕ್ಕೆ ಒಯ್ಯುವ ಬುತ್ತಿಯಲ್ಲಿಯೇ ಹಲವು ಖಂಡಗಳು ಕೂಡಿವೆ ಎಂದಾಯಿತು. ಹಾಗಾದರೆ ರೊಟ್ಟಿಯನ್ನು ನಮ್ಮದಾಗಿಸಿದ್ದು ಯಾವುದು?

ಅದು ಕೈಗಳ ಅರಿವು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿಲ್ಲ. ಆದ್ದರಿಂದಲೇ ಹಿಟ್ಟಿಗೆ ಕುದಿಯುವ ಎಸರು ಬೆರೆಸಿ ಜಿಗಿ ಬರಿಸಬೇಕು, ಚೆನ್ನಾಗಿ ನಾದಬೇಕು, ಹರಿಯದಂತೆ ಅಂಗೈಯಿಂದ ಬಡಿಯಬೇಕು. ಅಳತೆಯಿಲ್ಲದ ಈ ಜ್ಞಾನ ತಾಯಿಯಿಂದ ಮಗಳಿಗೆ ನೋಡಿ, ಮಾಡಿ ದಾಟಿಬಂದಿದೆ.

ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ರೊಟ್ಟಿ ಬರುತ್ತದೆ. ಡಂಬಳದ ರೊಟ್ಟಿ ಜಾತ್ರೆಯಲ್ಲಿ ಜಾತಿಭೇದವಿಲ್ಲದೆ ಜನ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಅಲ್ಲಿ ರೊಟ್ಟಿ ಮಾರಾಟದ ಸರಕಲ್ಲ, ಕಾಣಿಕೆ. ಆದರೆ ಬಾಳಿಕೆಯ ಇದೇ ಗುಣ ಇಂದು ಅದನ್ನು ಮಾರುಕಟ್ಟೆಯ ಸರಕನ್ನಾಗಿಯೂ ಮಾಡಿದೆ. ಮಹಿಳಾ ಸ್ವಸಹಾಯ ಸಂಘಗಳು ಎಣಿಕೆಯ ಲೆಕ್ಕದಲ್ಲಿ ಮಾರುವ ರೊಟ್ಟಿ ಬೆಂಗಳೂರಿಗೂ, ವಲಸೆ ಹೋದ ಕನ್ನಡಿಗರ ಜೊತೆಗೆ ವಿದೇಶಗಳಿಗೂ ಹೋಗುತ್ತಿದೆ. ವಿಶ್ವಸಂಸ್ಥೆ ಭಾರತದ ಪ್ರಸ್ತಾವದ ಮೇರೆಗೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಜೋಳವೂ ಆ ಪಟ್ಟಿಯಲ್ಲಿತ್ತು. ಗಮನಾರ್ಹವಾದುದೆಂದರೆ, ರೊಟ್ಟಿ ಬಡಿಯುವವಳಿಗೆ ಸವಾಲಾಗಿದ್ದ ಅಂಟಿನ ಕೊರತೆಯೇ ‘ಗ್ಲುಟೆನ್‌ರಹಿತ’ ಎಂಬ ಚೀಟಿಯಾಗಿ ಹೊಸ ಗ್ರಾಹಕರನ್ನು ಸೆಳೆಯುತ್ತಿದೆ. ಬಡವರ ಊಟವೆನಿಸಿಕೊಂಡದ್ದು ಆರೋಗ್ಯದ ಆಹಾರವಾಗಿದೆ.

ಈ ಪಲ್ಲಟವನ್ನು ಕೇವಲ ನಷ್ಟವೆನ್ನಲಾಗದು. ಮನೆಯೊಳಗೆ ಕೂಲಿಯಿಲ್ಲದೆ ನಡೆದ ದುಡಿಮೆಗೆ ಮೊದಲ ಬಾರಿಗೆ ಬೆಲೆ ಬಂದಿದೆ. ಆದರೆ ಇನ್ನೊಂದು ಮುಖವೂ ಇದೆ. ರೊಟ್ಟಿ ಮಾಡುವ ಯಂತ್ರಗಳು ಬಂದಿವೆ. ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಜಾಗವನ್ನು ಬಹುಮಟ್ಟಿಗೆ ಕಡಲೆ ಆಕ್ರಮಿಸಿದೆ. ಜೋಳ ಹೋದಲ್ಲಿ ದನಗಳ ಕಣಿಕೆಯೂ ಹೋಗುತ್ತದೆ. ರೊಟ್ಟಿಯ ಹೆಸರು ಹರಡುತ್ತಿರುವಾಗಲೇ ಅದರ ಹೊಲ ಕುಗ್ಗುತ್ತಿದೆ.

ಆದ್ದರಿಂದ ಪ್ರಶ್ನೆ ರೊಟ್ಟಿಯ ಶುದ್ಧ ರೂಪವನ್ನು ಕಾಪಾಡುವುದಲ್ಲ. ಅಂಥ ರೂಪ ಎಂದೂ ಇರಲಿಲ್ಲ. ಖಂಡಗಳನ್ನು ದಾಟಿಬಂದ ಧಾನ್ಯವನ್ನು ತಮ್ಮದಾಗಿಸಿಕೊಂಡ ಕೈಗಳಿಗೆ, ಅದನ್ನು ಬೆಳೆಯುವ ರೈತರಿಗೆ ಈ ಹೊಸ ಪಯಣದ ಗಳಿಕೆಯಲ್ಲಿ ಎಷ್ಟು ಪಾಲಿದೆ ಎಂಬುದೇ ಮುಖ್ಯ. ಬೀಸುವ ಪದಗಳನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಹಿಟ್ಟು ನಾದುವ, ರೊಟ್ಟಿ ಬಡಿಯುವ ಅರಿವನ್ನೂ ದಾಖಲಿಸುವುದು ಜಾನಪದ ಅಧ್ಯಯನದ ಹೊಣೆಯಾಗಿದೆ.