ನಿಮಗಿದು ಗೊತ್ತೆ? ಏಳು ಸೆಕೆಂಡಿನ ಡ್ರಮ್ಸ್

1969ರಲ್ಲಿ ಅಮೆರಿಕದ ‘ದಿ ವಿನ್‌ಸ್ಟನ್ಸ್’ ತಂಡದ ಒಂದು ರೆಕಾರ್ಡ್ ಬಂತು. ಅದರ ಮೊದಲ ಬದಿಯ ‘ಕಲರ್ ಹಿಮ್ ಫಾದರ್’ ಜನಪ್ರಿಯವಾಯಿತು. ಹಿಂಬದಿಯ ‘ಆಮೆನ್, ಬ್ರದರ್’ ಜಾಗ ತುಂಬಿಸಲು ನುಡಿಸಿದ್ದು. ಅದರ ನಡುವೆ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ, ಗ್ರೆಗರಿ ಕೋಲ್ಮನ್ ಒಬ್ಬರೇ ಸುಮಾರು ಏಳು ಸೆಕೆಂಡು ಡ್ರಮ್ಸ್ ಬಾರಿಸುತ್ತಾರೆ. ಸಂಗೀತಲೋಕ ಆ ತುಣುಕನ್ನು ‘ಆಮೆನ್ ಬ್ರೇಕ್’ ಎನ್ನುತ್ತದೆ.

1980ರ ದಶಕದಲ್ಲಿ, ಹಳೆಯ ರೆಕಾರ್ಡಿನ ತುಣುಕನ್ನು ಹಿಡಿದಿಟ್ಟು ಮತ್ತೆ ನುಡಿಸುವ ಸ್ಯಾಂಪ್ಲರ್ ಯಂತ್ರಗಳು ಕೈಗೆಟುಕಿದಾಗ ಈ ತುಣುಕಿಗೆ ಮರುಹುಟ್ಟು. 1987ರ ‘ಎಸ್‌ಪಿ-1200’ ಯಂತ್ರದ ನೆನಪಿನಲ್ಲಿ ಹಿಡಿಸುತ್ತಿದ್ದುದು ಒಟ್ಟು ಹತ್ತೇ ಸೆಕೆಂಡಿನ ಧ್ವನಿ! ಹಿಪ್‌ಹಾಪ್ ಕಲಾವಿದರು ಅದಕ್ಕೂ ಉಪಾಯ ಹೂಡಿದರು. ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಯಂತ್ರಕ್ಕೆ ತುಂಬುವುದು, ಆಮೇಲೆ ಯಂತ್ರದೊಳಗೆ ನಿಧಾನಗೊಳಿಸುವುದು. ಜಾಗ ಉಳಿಯಿತು, ಧ್ವನಿ ತುಸು ತರಿತರಿಯಾಯಿತು. ಆ ತರಿಯೇ ಹಿಪ್‌ಹಾಪ್‌ನ ರುಚಿಯಾಗಿಬಿಟ್ಟದ್ದು ಬೇರೆ ಮಾತು.

1988ರಲ್ಲಿ ಎನ್.ಡಬ್ಲ್ಯು.ಎ. ಎಂಬ ಹಿಪ್‌ಹಾಪ್ ತಂಡ ‘ಸ್ಟ್ರೇಟ್ ಔಟಾ ಕಾಂಪ್ಟನ್’ ಹಾಡಿಗೆ ಇದನ್ನೇ ಬಳಸಿತು. 1990ರ ದಶಕದ ಬ್ರಿಟನ್ನಿನಲ್ಲಂತೂ ಇದನ್ನು ಕತ್ತರಿಸಿ, ವೇಗ ಹೆಚ್ಚಿಸಿ, ಹಿಂದುಮುಂದಾಗಿ ಜೋಡಿಸಿ ‘ಜಂಗಲ್’, ‘ಡ್ರಮ್ ಆ್ಯಂಡ್ ಬೇಸ್’ ಎಂಬ ಪ್ರಕಾರಗಳನ್ನೇ ಕಟ್ಟಿದರು. ಮಕ್ಕಳ ಕಾರ್ಟೂನ್ ‘ಪವರ್‌ಪಫ್ ಗರ್ಲ್ಸ್’ನ ಶೀರ್ಷಿಕೆ ಸಂಗೀತದಲ್ಲೂ ಇದೇ ಪೆಟ್ಟು. ಸಾವಿರಾರು ಹಾಡುಗಳಿಗೆ ತಾಳವಾದ ಇದರಿಂದ ಕೋಲ್ಮನ್‌ಗೆ ರಾಯಧನ ಬರಲೇ ಇಲ್ಲ. 2006ರಲ್ಲಿ ಅವರು ತೀರಿಕೊಂಡಾಗ ತಲೆಯ ಮೇಲೆ ಸೂರಿರಲಿಲ್ಲ. ಹಾಡಿನ ಹಕ್ಕುದಾರರಾಗಿದ್ದ, ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ 2015ರಲ್ಲಿ ಅಭಿಮಾನಿಗಳೇ ಚಂದಾ ಎತ್ತಿ ಸುಮಾರು 24,000 ಪೌಂಡ್ ಕೊಟ್ಟರು.